ಹೊಳೆಯಾಚೆಯ ಬುತ್ತಿ

ಲಿಂಗಸುಗೂರು
೨೨ ಆಗಸ್ಟ್ ೧೯೪೭

ಅಕ್ಕ ಶೇಖರಮ್ಮನಿಗೆ ತಂಗಿ ಗದ್ದೆಮ್ಮನ ನಮಸ್ಕಾರಗಳು.

ನೀನು ಹೊಳೆ ದಾಟಿ ಹೋದ ಸುದ್ದಿ ಊರಿಗೆಲ್ಲ ತಿಳಿದ ಮೇಲೆ ನನಗೆ ತಿಳಿಯಿತು. ಮಸ್ಕಿ ಶಾಲೆಯ ಕೆಲಸ ಬಿಟ್ಟು, ಮನೆಗೆ ಕೀಲಿ ಹಾಕಿ, ಒಂದು ಟ್ರಂಕು ಹಿಡಿದು ಹೊರಟೆಯಂತೆ. ಹೊಳೆಯಾಚೆ ಸ್ವರಾಜ್ಯ ಬಂದು ವಾರವಾಯಿತು, ಈಚೆ ನಿಜಾಮರದೇ ನಡೆಯುತ್ತಿದೆ, ಅದನ್ನು ಇಳಿಸಲು ಆಚೆ ದಡದಲ್ಲಿ ಶಿಬಿರ ಹಾಕಿದ್ದಾರೆ, ಅದರ ಬುದ್ಧಿಯೆಲ್ಲ ನಿಮ್ಮಕ್ಕನದೇ ಎಂದು ನಮ್ಮ ಮನೆಯವರು ಹೇಳಿದರು. ನನಗೆ ಹೆಮ್ಮೆಯಾಯಿತು, ಹೊಟ್ಟೆಯೂ ಉರಿಯಿತು. ಲಿಂಗಸುಗೂರಿಗೆ ಬಂದು ಮುಖ ತೋರಿಸಿ ಹೋಗಲು ನಿನಗೇನು ಧಾಡಿಯಾಗಿತ್ತು?

ಇರಲಿ. ನನಗೀಗ ಐದು ತಿಂಗಳು. ನಾಚಿಕೆಯಿಂದ ಇಷ್ಟು ದಿನ ಬರೆಯಲಿಲ್ಲ. ಓಣಿಯ ಹೆಂಗಸರು ತವರಿನಿಂದ ಬುತ್ತಿ ಯಾವಾಗ ಬರುತ್ತದೆ ಎಂದು ಕೇಳುತ್ತಾರೆ. ಅಪ್ಪನಿಲ್ಲ, ಅವ್ವನಿಲ್ಲ, ನೀನೋ ಹೊಳೆಯಾಚೆ. ಅಪ್ಪನ ಕಾಲದಿಂದ ನಮ್ಮ ಬಂಡಿ ಹೊಡೆದ ದಾದೇಸಾಬ ಮೊನ್ನೆ ಬಂದವನು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡ. "ಯಾಕವ್ವ, ತವರಿಲ್ಲಂತ ಅಳತೀಯೇನು? ನಮ್ಮ ಖಾತೂನ್‌ಬೀ ರೊಟ್ಟಿ ಬಡದು ಕಳಸ್ತಾಳ, ಸುಮ್ಮಿರು" ಎಂದ. ಅವನ ಹೆಂಡತಿ ನಮ್ಮಿಬ್ಬರಿಗೂ ಉಣಿಸಿ ಬೆಳೆಸಿದವಳು, ಕಳಿಸಿಯೇ ಕಳಿಸುತ್ತಾಳೆ. ಆದರೂ ನೀನು ನಿನ್ನ ಕೈಯಾರೆ ಒಂದು ಹಿಡಿ ಅವಲಕ್ಕಿ ಕಳಿಸಿದರೂ ನನಗೆ ಸಾಕು.

ನಿನ್ನ ಗದ್ದಿ


ತುಂಗಭದ್ರೆಯ ಆಚೆ ದಡ
೩ ಸೆಪ್ಟೆಂಬರ್ ೧೯೪೭

ಗದ್ದೆಮ್ಮ,

ಪತ್ರ ತಲುಪಿತು. ಇನ್ನು ಮೇಲೆ ಅಂಚೆಗೆ ಹಾಕಬೇಡ, ಒಡೆದು ಓದುತ್ತಾರೆ. ದಾದೇಸಾಬನ ಕೈಯಲ್ಲಿ ಕೊಡು.

ಬುತ್ತಿ ಕಳಿಸುತ್ತೇನೆ. ಒಮ್ಮೆ ಅಲ್ಲ, ಹೆರಿಗೆಯವರೆಗೆ ಆಗಾಗ ಕಳಿಸುತ್ತೇನೆ. ದಾದೇಸಾಬ ದಢೇಸುಗೂರಿನ ದಡದಲ್ಲಿ ಬಂಡಿ ಬಿಟ್ಟು, ಹರಿಗೋಲಿನಲ್ಲಿ ಈಚೆಗೆ ಬಂದು ಬುಟ್ಟಿ ತೆಗೆದುಕೊಳ್ಳಲಿ. ಬುಟ್ಟಿ ಬಂದ ಕೂಡಲೇ ನೀನು ಬಿಚ್ಚಬಾರದು. ನಿನ್ನ ಗಂಡ ಅಮರಗುಂಡಪ್ಪ ಬಿಚ್ಚಿ, ದೇವರ ಮುಂದಿಟ್ಟು, ಆಮೇಲೆ ನಿನಗೆ ಕೊಡಲಿ. ಇದನ್ನು ತಪ್ಪಿಸಬೇಡ.

ಹಾಲು ಕುಡಿ. ಭಾರ ಎತ್ತಬೇಡ.

ಶೇಖರಮ್ಮ


ಲಿಂಗಸುಗೂರು
೧೪ ಸೆಪ್ಟೆಂಬರ್ ೧೯೪೭

ಅಕ್ಕಾ,

ಬುತ್ತಿ ಬಂತು! ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ತಂಬಿಟ್ಟಿನ ಉಂಡಿ, ಗಸಗಸೆ ಹೊರಳಿಸಿದ ಉಂಡಿ. ಬುಟ್ಟಿಗೆ ಹಸಿರು ರವಿಕೆ ಕಣ ಸುತ್ತಿ ಕಳಿಸಿದ್ದೀಯಲ್ಲ, ಅದನ್ನು ನೋಡಿ ನಾನು ಅತ್ತೆ. ಅವ್ವ ಸತ್ತ ದಿನ ನೀನು ಹಲಗೆ ಹಿಡಿದು ಲೆಕ್ಕ ಬಿಡಿಸುತ್ತ ಕೂತಿದ್ದೆ. ಬಂದವರೆಲ್ಲ ಕಲ್ಲೆದಿಯ ಹುಡುಗಿ ಎಂದು ಹೋದರು. ಅವರನ್ನೆಲ್ಲ ಕರೆದು ಈ ಬುಟ್ಟಿ ತೋರಿಸಬೇಕು ಅನಿಸಿತು.

ದಾದೇಸಾಬನ ಸಡಗರ ಕೇಳಬೇಕಿತ್ತು ನೀನು. ಸುಂಕದ ಕರೋಡಗಿರಿ ನಾಕಾದಲ್ಲಿ ಸಿಪಾಯಿಗಳು ಬಂಡಿಯ ಹುಲ್ಲನ್ನೂ ಬಿಡದೆ ಕೆದಕಿದರಂತೆ. ಬುಟ್ಟಿಗೆ ಕೈಹಾಕಲು ಬಂದಾಗ ಇವನು, "ಬಸುರಿ ಬುತ್ತಿ ಐತ್ರೀ ಸಾಬ್. ನಿಮ್ಮ ಮನ್ಯಾಗೂ ಹೆಣ್ಮಕ್ಕಳಿದ್ದಾರ, ಕೈ ಹಚ್ಚಬ್ಯಾಡ್ರಿ" ಎಂದನಂತೆ. ಸಿಪಾಯಿ ಹಿಂದೆ ಸರಿದು, ಬುಟ್ಟಿಗೆ ಸಲಾಮು ಮಾಡಿ ಬಿಟ್ಟನಂತೆ. ರಜಾಕಾರರ ಈ ಕಾಲದಲ್ಲೂ ಅಷ್ಟು ಮರ್ಯಾದೆ ಉಳಿದಿದೆ ನೋಡು.

ಒಂದು ದೂರು ಇದೆ. ನಿನ್ನ ಮಾತಿನಂತೆ ನಮ್ಮ ಮನೆಯವರ ಕೈಗೇ ಬುಟ್ಟಿ ಕೊಟ್ಟೆ. ದೇವರ ಮುಂದಿಟ್ಟದ್ದು ನಿಜ, ಆದರೆ ಗಸಗಸೆಯ ಉಂಡಿ ಒಂದನ್ನೂ ನನಗೆ ಬಿಡದೆ ಧೋತರದ ಸೆರಗಿನಲ್ಲಿ ಕಟ್ಟಿಕೊಂಡು ಅಂಗಡಿಗೆ ಹೋದರು! ಬಸುರಿ ನಾನೋ ಅವರೋ? ಮುಂದಿನ ಸಲ ಗಸಗಸೆಯವನ್ನು ಹೆಚ್ಚು ಕಳಿಸು.

ಗದ್ದಿ


ಆಚೆ ದಡ
೨೪ ಸೆಪ್ಟೆಂಬರ್ ೧೯೪೭

ಗದ್ದೆಮ್ಮ,

ಗಸಗಸೆ ಬಸುರಿಗೆ ಆಗದು. ಹೊಟ್ಟೆಯಲ್ಲಿನ ಕೂಸು ಮಂಕಾಗುತ್ತದೆ. ಆ ಉಂಡಿಗಳನ್ನು ನೀನು ಬಾಯಿಗೆ ಹಾಕಬಾರದು. ಅವು ಅಮರಗುಂಡಪ್ಪನಿಗೆಂದೇ ಕಳಿಸಿದವು, ಹೆಂಡತಿಯ ಬಸಿರಲ್ಲಿ ಗಂಡನೂ ದಣಿಯುತ್ತಾನೆ.

ನಿಮ್ಮ ಓಣಿಯ ತುದಿಗೆ ಠಾಣೆಯ ಅಮೀನನ ಮನೆ ಇದೆ ಎಂದು ಹಿಂದೆ ಬರೆದಿದ್ದೆ. ಅವನ ಹೆಂಡತಿ ನಿನ್ನೊಡನೆ ಮಾತಾಡುತ್ತಾಳೆಯೇ? ಗಂಡ ಯಾವ ಊರುಗಳಿಗೆ ಹೋಗುತ್ತಾನೆ, ಯಾವಾಗ ಬರುತ್ತಾನೆ ಎಂದು ಹೇಳುವವಳೇ? ನೆರೆಹೊರೆ ಚೆನ್ನಾಗಿಟ್ಟುಕೊಳ್ಳುವುದು ಒಳ್ಳೆಯದು. ವಿವರವಾಗಿ ಬರೆ.

ಶೇಖರಮ್ಮ


ಲಿಂಗಸುಗೂರು
೯ ಅಕ್ಟೋಬರ್ ೧೯೪೭

ಅಕ್ಕಾ,

ಎರಡನೆಯ ಬುತ್ತಿಯೂ ಬಂತು. ಗಸಗಸೆ ಮುಟ್ಟಲಿಲ್ಲ, ಆಣೆ. ನನ್ನ ಕೂಸು ಮಂಕಾಗುವುದು ಬೇಡ, ದೊಡ್ಡವ್ವನಂತೆ ಚೂಟಿಯಾಗಲಿ. ಆದರೆ ನಕ್ಕರೆ ಮಾತ್ರ ನನ್ನಂತೆ ನಗಲಿ.

ಅಮೀನನ ಹೆಂಡತಿ ಶಂಶಾದ್‌ಬೀಯನ್ನು ಕೇಳಿದ್ದೀಯ. ಬೀದರಿನ ಕಡೆಯವಳು, ಕನ್ನಡ ತಿರುಚಿ ಮಾತಾಡುತ್ತಾಳೆ. ನಾನು ಮೆಟ್ಟಿಲಿಳಿಯುವುದನ್ನು ಕಂಡರೆ ಸಾಕು, ಓಡಿ ಬಂದು ಕೊಡ ಇಸಿದುಕೊಳ್ಳುತ್ತಾಳೆ. ಗಂಡ ಯಾವ ಊರಿಗೆ ಹೋಗುತ್ತಾನೆ ಎಂದು ನಾನು ಕೇಳಲಿಲ್ಲ. ಅವಳ ಮನೆಯ ಮಾತು ನಮಗೇಕೆ?

ಈ ತಿಂಗಳ ಕೊನೆಗೆ ನನ್ನ ಕುಬಸ. ಹಸಿರು ಸೀರೆ ಉಡಿಸಿ ಉಡಿ ತುಂಬಲು ತವರಿನವರು ಬೇಕು. ನಿನ್ನ ಮೇಲೆ ವಾರಂಟಿದೆ ಎಂದು ಬಲ್ಲೆ. ಬುರಖಾ ಹಾಕಿಸಿ, ಖಾತೂನ್‌ಬೀಯ ಜೊತೆ ಕೂರಿಸಿ, ನಡುಹಗಲಲ್ಲೇ ಕರೆದುಕೊಂಡು ಬರುತ್ತೇನೆ ಎಂದು ದಾದೇಸಾಬ ಹೇಳುತ್ತಾನೆ. "ಅಕ್ಕಾವ್ರನ್ನ ಸಾಲಿಗೆ ಹೆಗಲ ಮ್ಯಾಲೆ ಹೊತಗೊಂಡು ಹೋದಾವ ನಾನು. ಈಗ ಬಂಡ್ಯಾಗ ತರೂದು ಏನು ದೊಡ್ಡದು?" ಎಂದ. ಒಂದು ದಿನ ಬಾ ಅಕ್ಕಾ. ಊಟ ಮಾಡಿ ಹೋಗು.

ಗದ್ದಿ


ಆಚೆ ದಡ
೧೮ ಅಕ್ಟೋಬರ್ ೧೯೪೭

ಗದ್ದೆಮ್ಮ,

ಬರಲಾಗದು. ಭಾವನೆಗೆ ಸಮಯವಿರುವವರು ಬೇರೆ ಇದ್ದಾರೆ.

ಕುಬಸಕ್ಕೆ ಬುತ್ತಿ ಬರುತ್ತದೆ. ಈ ಸಲದ್ದು ದೊಡ್ಡದು. ಜೋಪಾನ.

ಶೇಖರಮ್ಮ


ಆಚೆ ದಡ
೧೧ ನವೆಂಬರ್ ೧೯೪೭

ಗದ್ದೆಮ್ಮ,

ಈ ಪತ್ರವನ್ನು ಬಳೆಗಾರ ಲಾಲಪ್ಪ ತರುತ್ತಾನೆ. ಉತ್ತರವನ್ನೂ ಅವನ ಕೈಯಲ್ಲೇ ಕೊಡು. ದಾದೇಸಾಬನ ಕೈಯಲ್ಲಿ ಬೇಡ.

ನನಗೆ ಬಂದ ಸುದ್ದಿ ಇಷ್ಟು: ಕುಬಸದ ಬುತ್ತಿ ಬಂದ ಮಾರನೆಯ ದಿನವೇ ದಾದೇಸಾಬನನ್ನು ಲಿಂಗಸುಗೂರು ಠಾಣೆಗೆ ಒಯ್ದರು. ಬುಟ್ಟಿಯಲ್ಲಿದ್ದುದು ಅಮೀನನ ಕೈಸೇರಿದೆ. ವಾರ ಕಳೆಯುವಷ್ಟರಲ್ಲಿ ಅವನನ್ನು ಬಿಟ್ಟೂ ಬಿಟ್ಟರು. ಇದಕ್ಕಿಂತ ಕಡಿಮೆ ತಪ್ಪಿಗೆ ಜನ ವರ್ಷಗಟ್ಟಲೆ ಒಳಗಿದ್ದಾರೆ. ಅವನನ್ನು ಬಿಟ್ಟದ್ದಕ್ಕೆ ಕಾರಣ ಒಂದೇ ಇರಬಹುದು. ಅವನು ಪೊಲೀಸರಿಗೆ ಖಬರಿ ಕೊಟ್ಟಿದ್ದಾನೆ.

ಬುಟ್ಟಿಯಲ್ಲಿ ಏನಿತ್ತು ಎಂಬುದನ್ನು ಅಮರಗುಂಡಪ್ಪ ಹೇಳಿರಬೇಕು. ನಿನಗೆ ಹೇಳದೆ ಇದ್ದದ್ದು ನಿನ್ನ ಒಳಿತಿಗೆ. ದಾದೇಸಾಬನಿಗೂ ಹೇಳಿರಲಿಲ್ಲ. ಅವನು ತಾನಾಗಿ ಬುಟ್ಟಿ ಕೆದಕಿ ತಿಳಿದುಕೊಂಡಿರಬೇಕು. ಅವನನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡ. ಇಲ್ಲಿ ಅವನ ಬಗ್ಗೆ ತೀರ್ಮಾನವಾಗಿದೆ.

ಶೇಖರಮ್ಮ


ಲಿಂಗಸುಗೂರು
೧೫ ನವೆಂಬರ್ ೧೯೪೭

ಅಕ್ಕಾ,

ತೀರ್ಮಾನ ಎಂದರೆ ಏನು? ಲಾಲಪ್ಪ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಾನೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಪೂರ್ತಿ ಓದು. ಓದಿದ ಮೇಲೆ ಆ ತೀರ್ಮಾನ ಮುರಿ.

ದಾದೇಸಾಬ ಖಬರಿ ಕೊಡಲಿಲ್ಲ. ತಪ್ಪು ನಡೆದದ್ದು ನನ್ನ ಕೈಯಿಂದ. ಅದಕ್ಕೂ ಮೊದಲು ನಿನ್ನಿಂದ.

ಬುತ್ತಿ ಬಂದ ದಿನ ನಮ್ಮ ಮನೆಯವರು ಊರಲ್ಲಿರಲಿಲ್ಲ. ನೀನೇ ಯಾವುದೋ ಕೆಲಸಕ್ಕೆ ಮುದಗಲ್ಲಿಗೆ ಕಳಿಸಿದ್ದೆಯಂತೆ, ಈಗ ಹೇಳುತ್ತಾರೆ. ನಾನು ಸಂಜೆಯವರೆಗೂ ಕಾದೆ. ಓಣಿಯ ಹೆಂಗಸರು ಬಂದು ಕೂತಿದ್ದರು. ನಾನೇ ದೇವರ ಮುಂದಿಟ್ಟು ಬಿಚ್ಚಿದೆ. ತವರಿನ ಬುತ್ತಿಯನ್ನು ಯಾರೂ ಒಬ್ಬರೇ ಉಣ್ಣುವುದಿಲ್ಲ ಅಕ್ಕಾ, ಓಣಿಗೆ ಬೀರುತ್ತಾರೆ. ಮನೆಮನೆಗೆ ಹೋಗಿ ಹಂಚಬೇಕು, ಎಷ್ಟು ಬಾಯಿ ಉಂಡರೆ ಅಷ್ಟು ಹರಕೆ. ಹಿಂದಿನ ಎರಡು ಬುತ್ತಿಗಳನ್ನೂ ಹಾಗೆಯೇ ಬೀರಿದ್ದೆ. ನಿನಗೆ ಇದು ಗೊತ್ತಿರಲಿಲ್ಲ ಎಂದು ನನಗೀಗ ತಿಳಿಯಿತು. ಹೆಂಗಸರು ಕೂತಲ್ಲಿ ನೀನು ಯಾವತ್ತು ಕೂತಿದ್ದೆ? ನಾಕಾದ ಸಿಪಾಯಿ ಬಸುರಿ ಬುತ್ತಿಗೆ ಕೈ ಹಚ್ಚುವುದಿಲ್ಲ ಎಂಬುದು ನಿನಗೆ ಗೊತ್ತಿತ್ತು. ಅದು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಯಾರನ್ನೂ ಕೇಳಲಿಲ್ಲ.

ಗಸಗಸೆ ಬಸುರಿಗೆ ಆಗದು ಎಂದು ನೀನು ಬರೆದಿದ್ದೆ. ಅದಕ್ಕೇ ನನಗೆಂದು ತಂಬಿಟ್ಟು ಇಟ್ಟುಕೊಂಡು, ಮನೆಯವರಿಗೆ ಮುಂದಿನ ಬುತ್ತಿಯಲ್ಲಿ ಬರುತ್ತವೆ ಎಂದುಕೊಂಡು ಗಸಗಸೆಯವನ್ನೆಲ್ಲ ಓಣಿಗೆ ಬೀರಿದೆ. ಮೊದಲು ಶಂಶಾದ್‌ಬೀಗೇ ಕೊಟ್ಟೆ, ನನ್ನ ಕೊಡ ಹೊರುವವಳು ಎಂದು ಒಂದು ಹೆಚ್ಚಿಗೆ ಕೊಟ್ಟೆ.

ಮುಂಜಾನೆ ಚಹಾದ ಜೊತೆ ಅಮೀನ ಅದನ್ನು ಕಚ್ಚಿದ. ಹಲ್ಲು ಮುರಿಯಿತು. ಒಳಗೆ ಪಿಸ್ತೂಲಿನ ಕಾಡತೂಸು.

ಎಲ್ಲಿಂದ ಬಂತು ಎಂದು ಕೇಳಿದಾಗ ಶಂಶಾದ್‌ಬೀ ನನ್ನ ಹೆಸರು ಹೇಳಲಿಲ್ಲ. ಬಸುರಿಯ ಕೈಯ ಬುತ್ತಿ ಇಸಿದುಕೊಂಡವಳು ಬಸುರಿಯನ್ನು ಠಾಣೆಗೆ ಹೇಗೆ ಕಳಿಸಲಿ ಎಂದುಕೊಂಡಳಂತೆ. ಗಾಬರಿಯಲ್ಲಿ, ಬಂಡಿಯ ದಾದೇಸಾಬ ಕೊಟ್ಟ ಎಂದುಬಿಟ್ಟಳು. ಮುಸಲ್ಮಾನ, ನಮ್ಮವನು, ನಾಲ್ಕು ಬೈದು ಬಿಡುತ್ತಾರೆ ಎಂದು ತಿಳಿದಳು. ಉಳಿದ ಮನೆಯವರೂ ಉಂಡಿ ಒಡೆದು ನೋಡಿದರು. ಯಾರೂ ಒಂದು ಮಾತಾಡದೆ ಬಾವಿಗೆ ಹಾಕಿ ಬಂದರು. ನನ್ನನ್ನು ಕಂಡಾಗ, ಊಟ ಆಯ್ತೇನವ್ವ ಎಂದಷ್ಟೇ ಕೇಳಿದರು.

ದಾದೇಸಾಬನನ್ನು ಹೊಡೆದು ಕೇಳಿದರು. ಅವನಿಗೆ ಆಗಲೇ ಎಲ್ಲ ಅರ್ಥವಾಗಿರಬೇಕು. ಸಿಂಧನೂರು ಸಂತೆಯಲ್ಲಿ ಯಾರೋ ಮಾರುತ್ತಿದ್ದರು, ಕೊಂಡು ತಂದೆ ಎಂದನಂತೆ. ಎಷ್ಟು ಹೊಡೆದರೂ ಅದೇ ಮಾತು. ಆಚೆ ದಡ ಎನ್ನಲಿಲ್ಲ, ನಿನ್ನ ಹೆಸರು ಎತ್ತಲಿಲ್ಲ. ನಮ್ಮ ಮನೆಯವರು ಮುದಗಲ್ಲಿನಿಂದ ಬಂದು, ಎಲ್ಲ ತಿಳಿದೂ ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತರು. ಅವರ ಮುಖ ನೋಡಲು ನನಗೆ ಹೇಸಿಗೆಯಾಗುತ್ತದೆ. ಕಡೆಗೆ ಅವನನ್ನು ಬಿಡಿಸಿದವಳೂ ಶಂಶಾದ್‌ಬೀಯೇ. ಬಡವನನ್ನು ಬಿಡುವವರೆಗೆ ಒಲೆ ಹಚ್ಚುವುದಿಲ್ಲ ಎಂದು ಅನ್ನ ಬಿಟ್ಟು ಕೂತಳು. ನೀನು ಹೇಳಿದ ಒಂದೇ ಕಾರಣ ಇದು.

ಬಿಟ್ಟ ದಿನ ನಮ್ಮ ಮನೆಗೆ ಬಂದಿದ್ದ. ಒಂದು ಕಣ್ಣು ತೆರೆಯಲಾಗುತ್ತಿರಲಿಲ್ಲ. ನಾನು ಕಾಲಿಗೆ ಬಿದ್ದರೆ ಸಿಟ್ಟಿಗೆದ್ದ. "ನಿನಗೇನೂ ಆಗಿಲ್ಲಲ್ಲ, ಮುಗೀತು ಬಿಡು. ಅಕ್ಕಾವ್ರಿಗೆ ಒಂದ್ ಮಾತು ಕೇಳೂದೈತಿ ನನಗ. ಹೊಳಿ ದಾಟಿ ಹೋಗಿ ಕೇಳತೀನಿ. ಅದರಾಗ ಏನೈತಿ ಅಂತ ನನಗ ಹೇಳಿದ್ರ ನಾ ಒಯ್ತಿದ್ದಿಲ್ಲೇನು? ನನ್ನ ಮ್ಯಾಲೆ ಅಷ್ಟು ನಂಬಿಕಿ ಇದ್ದಿಲ್ಲೇನು ಅಕಿಗೆ?" ಎಂದ. ಅಷ್ಟೇ ಅವನ ದೂರು.

ನಿನಗೆ ಪ್ರೀತಿ ಇಲ್ಲದಿದ್ದರೆ ಬೇಡ. ಮೂರು ಬುತ್ತಿ ಯಾತಕ್ಕೆ ಬಂದವು ಎಂದು ತಿಳಿದ ಮೇಲೆ ಅದನ್ನು ಕೇಳುವ ಮುಖ ನನಗಿಲ್ಲ. ಲೆಕ್ಕವನ್ನಾದರೂ ಸರಿಯಾಗಿ ಮಾಡು. ಅವನಿಗೆ ಏನೂ ಮಾಡಬೇಡಿ. ನಿನ್ನ ಪಾದ ಹಿಡಿಯುತ್ತೇನೆ.

ಗದ್ದೆಮ್ಮ


ಆಚೆ ದಡ
೨೯ ನವೆಂಬರ್ ೧೯೪೭

ಗದ್ದೆಮ್ಮ,

ಓದಿದ ಮೇಲೆ ಒಲೆಗೆ ಹಾಕು. ಇದನ್ನು ಬರೆಯುವುದು ನಮ್ಮ ಕಟ್ಟಳೆಗೆ ವಿರುದ್ಧ. ಆದರೆ ಅರ್ಧ ತಿಳಿದುಕೊಂಡು ನೀನು ಅಲ್ಲಿ ಇಲ್ಲಿ ಕೇಳುತ್ತ ತಿರುಗುವುದು ಹೆಚ್ಚಿನ ಅಪಾಯ.

ನಿನ್ನ ಪತ್ರ ಬಂದಾಗ ಹೋಗಬೇಕಾದವರು ಇನ್ನೂ ಹೋಗಿರಲಿಲ್ಲ. ಹರಿಗೋಲಿಗಾಗಿ ದಡದಲ್ಲಿ ಕಾಯುತ್ತಿದ್ದರು. ಅವರ ಮಾತು ನನಗೆ ಕೇಳಿಸುತ್ತಿತ್ತು. ಕೂಗಿದ್ದರೆ ನಿಲ್ಲುತ್ತಿದ್ದರು. ತಡವಾಗಿತ್ತು ಎಂದು ನಿನಗೆ ಹೇಳಬಹುದಿತ್ತು, ಹೇಳುವುದಿಲ್ಲ.

ಅವನು ಖಬರಿ ಕೊಟ್ಟಿಲ್ಲ ಎಂಬುದನ್ನು ನಿನ್ನ ಪತ್ರ ತೋರಿಸಿತು. ನನ್ನ ತರ್ಕ ತಪ್ಪಾಗಿತ್ತು, ಒಪ್ಪುತ್ತೇನೆ. ಬುತ್ತಿ ಬೀರುವ ಪದ್ಧತಿ ನನಗೆ ತಿಳಿದಿರಲಿಲ್ಲ, ತಿಳಿಯಬೇಕಿತ್ತು. ಆದರೆ ಅದೇ ಪತ್ರ ಇನ್ನೊಂದನ್ನೂ ತೋರಿಸಿತು. ಓಣಿಯವರು ಕಂಡದ್ದು ಉಂಡಿಯನ್ನು ಮಾತ್ರ. ಬುಟ್ಟಿಯನ್ನು ಯಾವ ದಡದಲ್ಲಿ, ಯಾರ ಕೈಯಿಂದ ಇಸಿದುಕೊಂಡು ಯಾರ ಮನೆಗೆ ಮುಟ್ಟಿಸಿದ ಎಂಬುದು ಅವನೊಬ್ಬನಿಗೇ ಗೊತ್ತು, ಅದರಲ್ಲಿ ಏನಿತ್ತು ಎಂಬುದೂ ಈಗ ಗೊತ್ತು. ಒಂದು ಸಲದ ಹೊಡೆತಕ್ಕೆ ಬಾಯಿ ಬಿಡಲಿಲ್ಲ. ಎರಡನೆಯ ಸಲಕ್ಕೆ ಯಾರು ಹೊಣೆ? ಹೊಳೆ ದಾಟಿ ಇಲ್ಲಿಗೆ ಬರುತ್ತೇನೆ ಎಂದು ಬೇರೆ ಹೇಳುತ್ತಿದ್ದ. ಬಂದಿದ್ದರೆ ಅವನ ಬೆನ್ನಿಗೇ ಪೊಲೀಸರೂ ಬರುತ್ತಿದ್ದರು. ಅವನು ಬಾಯಿ ಬಿಟ್ಟರೆ ಮೊದಲು ಹೋಗುವುದು ನಿನ್ನ ಗಂಡನ ಜೀವ, ಆಮೇಲೆ ನೀನು, ಆಮೇಲೆ ನಮ್ಮನ್ನು ನಂಬಿದ ಊರುಗಳು. ಒಂದನ್ನು ಒಂದು ಕಡೆ, ಉಳಿದದ್ದನ್ನು ಇನ್ನೊಂದು ಕಡೆ ಇಟ್ಟು ನೋಡಿದೆ. ನಾನು ಕೂಗಲಿಲ್ಲ.

ಬಳಗಾನೂರಿನ ದಾರಿಯಲ್ಲಿ ಕೆಲಸ ಮುಗಿಯಿತು. ಹಗ್ಗ ಬಿಗಿದರು, ಬೇಗ ಆಯಿತಂತೆ. ಖಬರಿಗೆ ಶಿಕ್ಷೆ ಎಂದು ಚೀಟಿ ಅಂಟಿಸಬೇಕಾಯಿತು. ಕಾರಣ ಹೇಳದಿದ್ದರೆ ಮುಸಲ್ಮಾನನೆಂದು ಕೊಂದರು ಎನ್ನುತ್ತಿದ್ದರು, ಅದು ಚಳವಳಿಗೆ ಕೆಟ್ಟದ್ದು. ಚೀಟಿ ಬರೆದವಳು ನಾನೇ.

ನಿನ್ನ ಸಂಸಾರ ಉಳಿದಿದೆ. ಇಂದಲ್ಲ ನಾಳೆ ನಿನಗೆ ಇದು ಅರ್ಥವಾಗುತ್ತದೆ. ಹೆರಿಗೆ ಹತ್ತಿರವಾಗಿದೆ, ಆರೋಗ್ಯ ನೋಡಿಕೋ.

ಶೇಖರಮ್ಮ


ಲಿಂಗಸುಗೂರು
೧೦ ಡಿಸೆಂಬರ್ ೧೯೪೭

ಶೇಖರಮ್ಮನವರಿಗೆ,

ನಿಮ್ಮ ಪತ್ರವನ್ನು ಒಲೆಗೆ ಹಾಕಿದ್ದೇನೆ. ಅದಕ್ಕೆ ಉತ್ತರ ಬರೆಯುವ ಮನಸ್ಸಿರಲಿಲ್ಲ. ಒಬ್ಬರಿಗೆ ಮಾತು ಕೊಟ್ಟು ಬಂದಿದ್ದೇನೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ದಾದೇಸಾಬನ ಜೀವಕ್ಕಾಗಿ ನಾನು ಬರೆದ ಮಾತುಗಳಲ್ಲೇ ಅವನನ್ನು ಕೊಲ್ಲುವ ಕಾರಣವನ್ನು ನೀವು ಆರಿಸಿಕೊಂಡಿರಿ. ಅವನ ದೂರನ್ನು ನಾನು ಬರೆದದ್ದು ನಿಮಗೆ ಸ್ವಲ್ಪ ನಾಚಿಕೆಯಾಗಲಿ ಎಂದು. ಇನ್ನು ನನಗೆ ಯಾರಿಗೂ ಪತ್ರ ಬರೆಯಲು ಭಯವಾಗುತ್ತದೆ. ಅಕ್ಷರ ಕಲಿಸಿದವರೂ ನೀವೇ.

ಮೊನ್ನೆ ಮಸ್ಕಿಗೆ, ದಾದೇಸಾಬನ ಮನೆಗೆ ಹೋಗಿದ್ದೆ. ತುಂಬಿದ ಬಸುರಿ ಸಾವಿನ ಮನೆಗೆ ಹೋಗಬಾರದು ಎಂದು ಎಲ್ಲರೂ ತಡೆದರು. ನಮ್ಮ ಮನೆಯವರು ಬರಲಿಲ್ಲ, ಅಂಗಡಿ ತೆರೆದು ಕೂತಿದ್ದರು. ಅವನನ್ನು ಮಣ್ಣು ಮಾಡಿದ ದಿನವೂ ಹಾಗೆಯೇ ಕೂತಿದ್ದರು. ಹೆಗಲು ಕೊಡಲು ಜನ ಸಿಗಲಿಲ್ಲವಂತೆ. ನಿಮ್ಮ ಚೀಟಿ ಓದಿದವರಿಗೆ ಅವನು ಖಬರಿ ಕೊಟ್ಟವನು. ರಜಾಕಾರರಿಗೆ ಅವನು ನಿಮ್ಮ ಕಾಡತೂಸು ಹೊತ್ತವನು. ಕಡೆಗೆ ಅವನದೇ ಬಂಡಿಯಲ್ಲಿ ಒಯ್ದರಂತೆ.

ಖಾತೂನ್‌ಬೀ ಗಂಡ ಸತ್ತವರು ಹಿಡಿಯುವ ಇದ್ದತ್ತಿನಲ್ಲಿ ಕೂತಿದ್ದಾಳೆ, ಹೊಸ್ತಿಲು ದಾಟುವಂತಿಲ್ಲ. ನನ್ನನ್ನು ಕಂಡು ಒಳಗಿನಿಂದಲೇ ಕೂಗಿದಳು. "ಬರಬ್ಯಾಡ ಬೇ, ಅಲ್ಲೇ ನಿಂದ್ರು. ಹೊಟ್ಟಿ ಹೊತಗೊಂಡು ಸತ್ತ ಮನಿಯೊಳಗ ಬರತಾರೇನು?" ಅವಳು ಹೊಸ್ತಿಲ ಒಳಗೆ, ನಾನು ಹೊರಗೆ ಕೂತೆವು. ಕೈ ಚಾಚಿ ನನ್ನ ಹೊಟ್ಟೆ ಮುಟ್ಟಿ ನೋಡಿ, ಕೂಸು ಇಳಿದಿದೆ, ಇನ್ನು ಹೆಚ್ಚು ದಿನವಿಲ್ಲ ಎಂದಳು. ಆಮೇಲೆ ಇಬ್ಬರೂ ಅತ್ತೆವು.

ಹೇಳಿಬಿಡಬೇಕೆಂದೇ ಹೋಗಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರುಮಾಡಿದಳು. ಅವಳ ಮಾತನ್ನು ಅವಳು ಆಡಿದಂತೆಯೇ ಬರೆಯುತ್ತೇನೆ.

"ಯಾರೋ ಪುಂಡರು ಅಕ್ಕಾವ್ರ ಕಣ್ಣು ತಪ್ಪಿಸಿ ಮಾಡ್ಯಾರ ಬೇ ಗದ್ದಿ. ಚೀಟಿ ಹಚ್ಯಾರಂತ, ಅದನ್ನೂ ಅವರೇ ಬರದಿರಬೇಕು. ಅಕಿಗೆ ಗೊತ್ತಿದ್ರ ಬಿಡತಿದ್ದಳೇನು? ಅವ್ನ ಹೆಗಲ ಮ್ಯಾಲೆ ಬೆಳದಾಕಿ. ನಿಮ್ಮವ್ವ ಸತ್ತಾಗ ಮಂದಿ ಏನೇನೋ ಅಂದ್ರು. ನಮ್ಮ ಮನ್ಯಾಗ ಬಂದು ಅವ್ನ ಅಂಗಿ ಹಿಡಕೊಂಡು ಎಷ್ಟು ಅತ್ತಳು ನನಗ ಗೊತ್ತೈತಿ. ಒಬ್ಬಾಕೀನೇ ಅದಾಳ ಆಚಿ ಕಡಿ, ಹಿಡದು ಕೂಡಸಾಕ ಯಾರೂ ಇಲ್ಲ. ಒಮ್ಮಿಗೇ ಹೇಳಬ್ಯಾಡ, ಎದಿ ಒಡಕೊಂತಾಳ. ಮೊದಲ ಜಡ್ಡಾಗಿತ್ತು ಅನ್ನು. ಆಮ್ಯಾಲೆ ಮೆಲ್ಲಕ ತಿಳಸು."

ಆಗಲಿ ಎಂದು ಅವಳ ಕೈಮೇಲೆ ಕೈಯಿಟ್ಟು ಬಂದಿದ್ದೇನೆ.

ದಾದೇಸಾಬನಿಗೆ ಜಡ್ಡಾಗಿತ್ತು. ಈಗ ಅವನಿಲ್ಲ.

ಗದ್ದೆಮ್ಮ